ಮದ್ದು ಬಂತು, ಅಂತರ ಬೆಳೆಯಿತು

1951ರ ಡಿಸೆಂಬರ್ 3ರ 'ಲೈಫ್' ಪತ್ರಿಕೆಯಲ್ಲಿ ಹನ್ನೆರಡು ಪುಟಗಳ ಒಂದು ಚಿತ್ರಲೇಖನ ಬಂತು. ಡಬ್ಲ್ಯು. ಯೂಜೀನ್ ಸ್ಮಿತ್ ಎಂಬ ಛಾಯಾಗ್ರಾಹಕ ಸೌತ್ ಕ್ಯಾರೊಲೈನಾದ ಪೈನ್‌ವಿಲ್ ಎಂಬ ಹಳ್ಳಿಯಲ್ಲಿ ವಾರಗಟ್ಟಲೆ ಠಿಕಾಣಿ ಹೂಡಿ, ಮಾಡ್ ಕ್ಯಾಲೆನ್ ಎಂಬ ನರ್ಸ್ ಕಾಲಿಟ್ಟಲ್ಲೆಲ್ಲ ಬೆನ್ನು ಹತ್ತಿ ತೆಗೆದ ಚಿತ್ರಗಳವು. ಕ್ಯಾಲೆನ್‌ಗೆ ಆಗ ಐವತ್ತು ದಾಟಿತ್ತು. ಕಪ್ಪು ಮಹಿಳೆ, ಫ್ಲಾರಿಡಾದವರು. ಸಣ್ಣ ವಯಸ್ಸಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು ವೈದ್ಯರಾಗಿದ್ದ ಚಿಕ್ಕಪ್ಪನ ಮನೆಯಲ್ಲಿ ಬೆಳೆದವರು. 1923ರಲ್ಲಿ ಚರ್ಚಿನ ಕಡೆಯಿಂದ ಪೈನ್‌ವಿಲ್‌ಗೆ ಬಂದವರು ಅಲ್ಲೇ ನೆಲೆ ನಿಂತಿದ್ದರು. ಸುಮಾರು 400 ಚದರ ಮೈಲಿ ಅವರ ಸರಹದ್ದು. ಟಾರು ಕಾಣದ ಹಾದಿ, ಮಳೆ ಬಂದರೆ ಕಾರಿನ ಚಕ್ರ ಹೂತುಹೋಗುವ ಕೆಸರು. ಕಾರು ಹೋಗದ ಕಡೆ ನಡೆದೇ ಹೋಗುವುದು. ಹೆರಿಗೆ ಮಾಡಿಸುವುದರ ಜೊತೆಗೆ ಮಕ್ಕಳಿಗೆ ಚುಚ್ಚುಮದ್ದು, ಕ್ಷಯದವರಿಗೆ ಪಥ್ಯ, ಬಟ್ಟೆಯಿಲ್ಲದವರಿಗೆ ಬಟ್ಟೆ, ಸುತ್ತಲಿನ ಸೂಲಗಿತ್ತಿಯರಿಗೆ ಪಾಠ, ಎಲ್ಲವೂ ಅವರ ಪಾಲಿಗೇ ಬಂದಿತ್ತು.

ಪತ್ರಿಕೆ ಓದಿದವರು ಕೇಳದೆಯೇ ದುಡ್ಡು ಕಳಿಸಿದರು. ಇಪ್ಪತ್ತು ಸಾವಿರ ಡಾಲರಿಗೂ ಮೀರಿ ಬಂತು. ಅದರಲ್ಲಿ ಪೈನ್‌ವಿಲ್‌ನಲ್ಲಿ ಒಂದು ಕ್ಲಿನಿಕ್ ಎದ್ದು 1953ರಲ್ಲಿ ಬಾಗಿಲು ತೆರೆಯಿತು. ಛಾಯಾಗ್ರಹಣದ ಇತಿಹಾಸ ಬರೆಯುವವರು ಇಂದಿಗೂ ಈ ಚಿತ್ರಗಳನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಆದರೆ ಜಗತ್ತಿನ ಅತಿ ಶ್ರೀಮಂತ ದೇಶ 400 ಚದರ ಮೈಲಿಯ ಬಸುರಿಯರನ್ನು ಒಬ್ಬ ಹೆಂಗಸು ಮತ್ತು ಅವಳ ಕಾರಿನ ಮೇಲೆ ಬಿಟ್ಟು ಕೈತೊಳೆದುಕೊಂಡಿದ್ದು ಹೇಗೆ ಎಂಬ ಪ್ರಶ್ನೆ ಚಿತ್ರದ ಚೌಕಟ್ಟಿನ ಆಚೆಯೇ ಉಳಿಯಿತು.

ಆ ಪ್ರಶ್ನೆಗೆ ಉತ್ತರ ಹುಡುಕಲು ಮೊದಲು ಸಾವಿನ ಲೆಕ್ಕದ ಪುಸ್ತಕ ತೆಗೆಯಬೇಕು. 1920ರ ಸುಮಾರಿಗೆ ಅಮೆರಿಕದಲ್ಲಿ ಒಂದು ಲಕ್ಷ ಹೆರಿಗೆಗೆ ಬಿಳಿಯ ತಾಯಂದಿರು 760ರಷ್ಟು ಸಾಯುತ್ತಿದ್ದರು. ಬಿಳಿಯರಲ್ಲದವರಲ್ಲಿ, ಅಂದರೆ ಬಹುಪಾಲು ಕಪ್ಪು ತಾಯಂದಿರಲ್ಲಿ, ಅದು 1,280ರ ಆಸುಪಾಸು. ಎರಡೂ ಭಯಂಕರ ಸಂಖ್ಯೆಗಳೇ. ಅಂತರ ಎರಡು ಪಟ್ಟಿಗಿಂತ ಕಡಿಮೆ. 1940ಕ್ಕೆ ಬಿಳಿಯರಲ್ಲಿ 320, ಉಳಿದವರಲ್ಲಿ 774. 1950ಕ್ಕೆ 61 ಮತ್ತು 222. 1960ಕ್ಕೆ 26 ಮತ್ತು 98. ನಲವತ್ತು ವರ್ಷಗಳಲ್ಲಿ ಎರಡೂ ಕಡೆ ಸಾವು ಪಾತಾಳಕ್ಕಿಳಿಯಿತು. ಇಂಥ ಇಳಿತ ವೈದ್ಯಕೀಯದ ಚರಿತ್ರೆಯಲ್ಲಿ ಅಪರೂಪ. ಆದರೆ ಒಂದು ಪಂಕ್ತಿಯ ಸಂಖ್ಯೆಯನ್ನು ಇನ್ನೊಂದರಿಂದ ಭಾಗಿಸಿ ನೋಡಿದರೆ ಬೇರೆಯದೇ ಕಥೆ ಬರುತ್ತದೆ: ಎರಡು ಪಟ್ಟಿಗೂ ಕಡಿಮೆಯಿದ್ದ ಅಂತರ ನಾಲ್ಕು ಪಟ್ಟಿನ ಹತ್ತಿರ ಬಂದಿತ್ತು. ಹೆರಿಗೆಯ ಸಾವನ್ನು ತಡೆಯುವ ವಿದ್ಯೆ ಯಾರಿಗೂ ಗೊತ್ತಿಲ್ಲದಿದ್ದಾಗ ಸಾವು ಬಣ್ಣವನ್ನು ಅಷ್ಟಾಗಿ ನೋಡಿರಲಿಲ್ಲ. ತಡೆಯುವುದು ಕಲಿತ ಮೇಲೆ ಬಣ್ಣ ಎದ್ದು ಕಾಣತೊಡಗಿತು. ಕಪ್ಪು ಹೆಂಗಸಿನ ಮೈಯಲ್ಲೇ ಏನೋ ಕೊರತೆಯಿದೆ ಎಂದು ಬಹಳ ಕಾಲ ವಾದಿಸಿದವರಿಗೆ ಈ ಮೂರ್ನಾಲ್ಕು ಸಾಲುಗಳೇ ಸಾಕಾದ ಉತ್ತರ. ಮೈ ನಲವತ್ತು ವರ್ಷಗಳಲ್ಲಿ ಬದಲಾಗುವುದಿಲ್ಲ.

ಕಥೆಯ ಬೇರು ಗುಲಾಮಗಿರಿಯ ಹೊಲಗಳಲ್ಲಿದೆ. 1662ರಲ್ಲಿ ವರ್ಜೀನಿಯಾ ಒಂದು ಕಾನೂನು ಮಾಡಿತು: ಮಗುವಿನ ಸ್ಥಿತಿ ತಾಯಿಯ ಸ್ಥಿತಿಯಂತೆ. ತಾಯಿ ಗುಲಾಮಳಾದರೆ ಅಪ್ಪ ಯಾರೇ ಆಗಿರಲಿ ಮಗುವೂ ಗುಲಾಮ. 1808ರಿಂದ ಆಫ್ರಿಕಾದಿಂದ ಜನರನ್ನು ತರುವುದು ನಿಷೇಧವಾದ ಮೇಲಂತೂ ಜಮೀನುದಾರನ ಆಸ್ತಿ ಬೆಳೆಯುತ್ತಿದ್ದುದು ಕಪ್ಪು ಹೆಂಗಸರ ಹೊಟ್ಟೆಯಲ್ಲೇ. ಆ ಹೆರಿಗೆಗಳನ್ನು ಮಾಡಿಸುತ್ತಿದ್ದವರು ಗುಲಾಮರ ಗುಡಿಸಲಿನ ಮುದುಕಿಯರು. ಎಷ್ಟೋ ಕಡೆ ದೊಡ್ಡಮನೆಯ ಬಿಳಿ ಯಜಮಾನಿಯ ಹೆರಿಗೆಗೂ ಅವರೇ ಹೋಗುತ್ತಿದ್ದರು. ಬಿಳಿಯರು ಅವರನ್ನು 'ಗ್ರ್ಯಾನಿ' ಎಂದರು, ಅಂದರೆ ಅಜ್ಜಿ. ಪ್ರೀತಿಯೂ ತಾತ್ಸಾರವೂ ಬೆರೆತ ಕರೆ.

ಅದೇ ಕಾಲದಲ್ಲಿ ಅಲಬಾಮಾದ ಮಾಂಟ್ಗೊಮೆರಿಯಲ್ಲಿ ಜೆ. ಮರಿಯನ್ ಸಿಮ್ಸ್ ಎಂಬ ವೈದ್ಯ ತನ್ನ ಮನೆಯ ಹಿತ್ತಲಿನಲ್ಲಿ ಒಂದು ಚಿಕ್ಕ ಆಸ್ಪತ್ರೆ ಇಟ್ಟುಕೊಂಡಿದ್ದ. ದಿನಗಟ್ಟಲೆ ಹೆರಿಗೆ ಕಟ್ಟಿಕೊಂಡರೆ ಮಗುವಿನ ತಲೆಯ ಒತ್ತಡಕ್ಕೆ ಮೂತ್ರಕೋಶ ಮತ್ತು ಯೋನಿಯ ನಡುವಿನ ಗೋಡೆ ಕೊಳೆತು ತೂತಾಗುತ್ತದೆ. ಆಮೇಲೆ ಮೂತ್ರ ಹಿಡಿತವಿಲ್ಲದೆ ಸೋರುತ್ತಲೇ ಇರುತ್ತದೆ. ಆ ತೂತನ್ನು ಹೊಲಿಯುವ ವಿಧಾನವನ್ನು ಸಿಮ್ಸ್ 1845ರಿಂದ 1849ರವರೆಗೆ ಗುಲಾಮ ಹೆಂಗಸರ ಮೇಲೆ ಪ್ರಯೋಗ ಮಾಡುತ್ತಾ ಕಲಿತ. ಅವರಲ್ಲಿ ಮೂವರ ಹೆಸರು ಅವನ ಬರಹದಲ್ಲೇ ಉಳಿದಿದೆ: ಅನಾರ್ಕಾ, ಬೆಟ್ಸಿ, ಲೂಸಿ. ಅನಾರ್ಕಾಳೊಬ್ಬಳ ಮೇಲೆಯೇ ಮೂವತ್ತು ಸಲ ಕತ್ತರಿ ಆಡಿತು. ಅರಿವಳಿಕೆ ಕೊಡಲಿಲ್ಲ. ಕೊನೆಗೆ ಬೆಳ್ಳಿಯ ತಂತಿಯ ಹೊಲಿಗೆ ಫಲಿಸಿತು. ಸಿಮ್ಸ್ 'ಸ್ತ್ರೀರೋಗ ಶಾಸ್ತ್ರದ ಪಿತಾಮಹ'ನಾಗಿ ನ್ಯೂಯಾರ್ಕಿಗೆ ಹೋಗಿ ಹೆಸರು ಮಾಡಿದ. ಸೆಂಟ್ರಲ್ ಪಾರ್ಕಿನ ಅಂಚಿನಲ್ಲಿ ನಿಂತಿದ್ದ ಅವನ ಪ್ರತಿಮೆಯನ್ನು ತೆಗೆದದ್ದು 2018ರಲ್ಲಿ. ಮೂರು ವರ್ಷದ ಮೇಲೆ ಮಾಂಟ್ಗೊಮೆರಿಯಲ್ಲಿ ಮಿಷೆಲ್ ಬ್ರೌಡರ್ ಎಂಬ ಕಲಾವಿದೆ ಗುಜರಿ ಲೋಹವನ್ನು ಬೆಸುಗೆ ಹಾಕಿ ಆ ಮೂವರು ಹೆಂಗಸರ ಎತ್ತರದ ಪ್ರತಿಮೆಗಳನ್ನು ನಿಲ್ಲಿಸಿದರು. ಕಪ್ಪು ಜನರಿಗೆ ನೋವು ಕಡಿಮೆ ಎಂಬ ನಂಬಿಕೆ ಸಿಮ್ಸ್‌ನ ಕಾಲದ ವೈದ್ಯಗ್ರಂಥಗಳಲ್ಲಿ ಸಾಮಾನ್ಯವಾಗಿತ್ತು. ಅದು ಸತ್ತುಹೋಯಿತು ಎಂದುಕೊಳ್ಳುವಂತಿಲ್ಲ. 2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಬಿಳಿಯ ವೈದ್ಯ ವಿದ್ಯಾರ್ಥಿಗಳನ್ನು ಕೇಳಿದಾಗ ಕಪ್ಪು ಜನರ ಚರ್ಮ ದಪ್ಪ ಎಂಬಂಥ ಸುಳ್ಳುಗಳನ್ನು ಅವರಲ್ಲಿ ಎಷ್ಟೋ ಜನ ನಿಜವೆಂದೇ ತಿಳಿದಿದ್ದರು.

ಗುಲಾಮಗಿರಿ ಹೋಯಿತು, ಸೂಲಗಿತ್ತಿಯರು ಉಳಿದರು. ಇಪ್ಪತ್ತನೆಯ ಶತಮಾನ ಹುಟ್ಟಿದಾಗ ದಕ್ಷಿಣದ ರಾಜ್ಯಗಳ ಹತ್ತಿ ಸೀಮೆಯಲ್ಲಿ ಕಪ್ಪು ಮಕ್ಕಳಲ್ಲಿ ಬಹುಪಾಲು ಅವರ ಕೈಗೇ ಬೀಳುತ್ತಿದ್ದವು. ಬಡ ಬಿಳಿಯರ ಮಕ್ಕಳೂ ಅಷ್ಟೇ. ಡಾಕ್ಟರು ಇದ್ದದ್ದು ಪಟ್ಟಣದಲ್ಲಿ, ಅವರ ಫೀಜು ಕೊಡುವ ಶಕ್ತಿ ಪಾಲಿಗೆ ಉಳುವವರಿಗೆ ಇರಲಿಲ್ಲ. ಸೂಲಗಿತ್ತಿಗಾದರೆ ಕೋಳಿಯೋ ತರಕಾರಿಯೋ, ಬೆಳೆ ಬಂದ ಮೇಲೆ ಎರಡು ಡಾಲರೋ. ಬಾಣಂತಿಗೆ ಅಡುಗೆ ಮಾಡಿ ಹಾಕಿ, ಬಟ್ಟೆ ಒಗೆದುಕೊಟ್ಟು, ದೊಡ್ಡ ಮಕ್ಕಳನ್ನು ನೋಡಿಕೊಂಡು ಬರುವುದೂ ಅದರಲ್ಲೇ ಸೇರಿತ್ತು.

1921ರ ನವೆಂಬರಿನಲ್ಲಿ ಅಧ್ಯಕ್ಷ ಹಾರ್ಡಿಂಗ್ ಸಹಿ ಹಾಕಿದ ಶೆಪರ್ಡ್–ಟೌನರ್ ಕಾಯ್ದೆ ಈ ಲೋಕಕ್ಕೆ ಸರ್ಕಾರವನ್ನು ತಂದಿತು. ಅಮೆರಿಕದ ಹೆಂಗಸರಿಗೆ ದೇಶಾದ್ಯಂತ ಮತ ಬಂದು ಒಂದೇ ವರ್ಷವಾಗಿತ್ತು, ರಾಜಕಾರಣಿಗಳಿಗೆ ಅವರ ಭಯ ಹೊಸದು. ತಾಯಿ ಮಕ್ಕಳ ಆರೋಗ್ಯಕ್ಕೆಂದು ಒಕ್ಕೂಟ ಸರ್ಕಾರ ಮೊದಲ ಬಾರಿಗೆ ರಾಜ್ಯಗಳಿಗೆ ಹಣ ಕೊಟ್ಟಿತು. ಆ ಹಣದಲ್ಲಿ ಕೌಂಟಿ ನರ್ಸುಗಳು ಬಂದರು, ಸೂಲಗಿತ್ತಿಯರನ್ನು ಹುಡುಕಿ ಹೆಸರು ಬರೆದುಕೊಂಡರು, ತಿಂಗಳಿಗೊಮ್ಮೆ ಸಭೆ ಸೇರಿಸಿದರು. ವೈದ್ಯರ ಸಂಘ ಇದನ್ನು ಸಮಾಜವಾದದ ಪಿಡುಗು ಎಂದು ವಿರೋಧಿಸಿ 1929ರಲ್ಲಿ ಕಾಯ್ದೆಯನ್ನು ಸಾಯಿಸಿತು. ಆದರೂ ಸಭೆಗಳು ನಿಲ್ಲಲಿಲ್ಲ.

ಆ ಸಭೆಯಲ್ಲಿ ಎಲ್ಲರ ಕಣ್ಣು ಚೀಲದ ಮೇಲೆ. ಸೂಲಗಿತ್ತಿಯ ಕಪ್ಪು ಚೀಲದ ಒಳಗೆ ಒಗೆದು ಇಸ್ತ್ರಿ ಮಾಡಿದ ಬಿಳಿ ಅಸ್ತರಿ. ಅದರೊಳಗೆ ಕುದಿಸಿದ ಕತ್ತರಿ, ಹೊಕ್ಕುಳಬಳ್ಳಿ ಕಟ್ಟುವ ದಾರ, ಕೈ ಉಜ್ಜುವ ಬ್ರಶ್ಶು, ಸಾಬೂನು, ಬಿಳಿ ಏಪ್ರನ್ನು, ಟೋಪಿ, ಹುಟ್ಟಿದ ಮಗುವಿನ ಕಣ್ಣಿಗೆ ಬಿಡುವ ಸಿಲ್ವರ್ ನೈಟ್ರೇಟ್ ಹನಿ, ಜನನ ದಾಖಲೆಯ ಫಾರಮ್ಮು. ನರ್ಸು ಚೀಲವನ್ನು ಮೇಜಿನ ಮೇಲೆ ಬಿಚ್ಚಿ ಒಂದೊಂದನ್ನೂ ಎತ್ತಿ ನೋಡುತ್ತಿದ್ದಳು. ಬೇರು, ಎಲೆ, ಕಷಾಯ ಏನಾದರೂ ಸಿಕ್ಕಿತೋ, ಪರವಾನಗಿಗೆ ಕುತ್ತು. ಗರ್ಭಿಣಿಯ ಒಳಗೆ ಕೈ ಹಾಕಿ ನೋಡುವಂತಿಲ್ಲ. ತೊಡಕು ಕಂಡರೆ ಡಾಕ್ಟರಿಗೆ ಹೇಳಿಕಳಿಸಬೇಕು. ಡಾಕ್ಟರು ಬರುತ್ತಾರೋ ಇಲ್ಲವೋ ಎನ್ನುವುದು ನಿಯಮದಲ್ಲಿ ಇರಲಿಲ್ಲ. ಹಾಗೆಂದು ಈ ಪಾಠಗಳನ್ನು ಹಳಿಯಲು ನನಗೆ ಮನಸ್ಸಿಲ್ಲ. ಸೂಲಗಿತ್ತಿಯರು ಹಳೆಯ ವೃತ್ತಪತ್ರಿಕೆಗಳನ್ನು ಪದರ ಪದರವಾಗಿ ಮಡಚಿ ಹೊಲಿದು, ಒಲೆಯಲ್ಲಿ ಬಿಸಿ ಮಾಡಿ ಕ್ರಿಮಿ ಕೊಂದು, ಬಾಣಂತಿಯ ಕೆಳಗೆ ಹಾಸುವ ಮೆತ್ತೆ ಮಾಡುತ್ತಿದ್ದರು. ಎಸೆಯುವ ಕಾಗದದಿಂದ ಶುಚಿಯಾದ ಹಾಸಿಗೆ. ಬಡವರ ಮನೆಯಲ್ಲಿ ಇದಕ್ಕಿಂತ ಜಾಣತನದ ವೈದ್ಯ ಸಲಕರಣೆ ನನಗಂತೂ ಗೊತ್ತಿಲ್ಲ.

ಆ ಲೋಕವನ್ನು ಕಣ್ಣಾರೆ ನೋಡಬೇಕೆಂದರೆ ಒಂದು ಸಿನಿಮಾ ಇದೆ. ಜಾರ್ಜಿಯಾ ರಾಜ್ಯದ ಆರೋಗ್ಯ ಇಲಾಖೆ ಸೂಲಗಿತ್ತಿಯರ ತರಬೇತಿಗೆಂದು ಜಾರ್ಜ್ ಸ್ಟೋನಿ ಎಂಬ ನಿರ್ದೇಶಕನಿಂದ ಮಾಡಿಸಿದ 'ಆಲ್ ಮೈ ಬೇಬೀಸ್', 1953ರದ್ದು. ಅದರ ನಾಯಕಿ ನಟಿಯಲ್ಲ. ಆಲ್ಬನಿ ಊರಿನ ನಿಜವಾದ ಸೂಲಗಿತ್ತಿ ಮೇರಿ ಕೋಲಿ. ಜೀವಮಾನದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. ತಿಂಗಳ ಸಭೆಯಲ್ಲಿ ಬಿಳಿಯ ಡಾಕ್ಟರು ಸತ್ತ ಮಗುವೊಂದರ ವಿಷಯ ಎತ್ತಿ ಬುದ್ಧಿ ಹೇಳುತ್ತಾನೆ. ಬಿಳಿ ಸಮವಸ್ತ್ರದ ಸೂಲಗಿತ್ತಿಯರು ತಲೆ ತಗ್ಗಿಸಿ ಕೇಳುತ್ತಾರೆ. ಆಮೇಲೆ ಕ್ಯಾಮೆರಾ ಕೋಲಿಯವರ ಜೊತೆ ಮನೆಗಳಿಗೆ ಹೋಗುತ್ತದೆ. ಮುಚ್ಚುಮರೆಯಿಲ್ಲದೆ ಒಂದು ನಿಜವಾದ ಹೆರಿಗೆ ಚಿತ್ರಣವಾಗಿದೆ. ಕೋಲಿ ಅವಸರ ಮಾಡುವುದಿಲ್ಲ, ದನಿ ಏರಿಸುವುದಿಲ್ಲ. ನೋವು ಬಂದಾಗ ಹೇಗೆ ಉಸಿರಾಡಬೇಕೆಂದು ಹೇಳುತ್ತಾರೆ, ಕಾಯುತ್ತಾರೆ. ಸಭೆಯಲ್ಲಿ ತಲೆ ತಗ್ಗಿಸಿ ಕೂತವರೂ ಆ ಮನೆಯಲ್ಲಿ ಎಲ್ಲರಿಗೂ ದಿಕ್ಕಾಗಿ ನಿಂತವರೂ ಒಬ್ಬರೇ ಎಂದು ನಂಬುವುದು ಕಷ್ಟ. 2002ರಲ್ಲಿ ಅಮೆರಿಕ ಸರ್ಕಾರ ಈ ಚಿತ್ರವನ್ನು ಕಾಪಾಡಬೇಕಾದ ರಾಷ್ಟ್ರೀಯ ಚಿತ್ರಗಳ ಸಾಲಿಗೆ ಸೇರಿಸಿತು.

ವೈದ್ಯರ ಪ್ರಪಂಚ ಅಷ್ಟರಲ್ಲಾಗಲೇ ಇವರ ವಿರುದ್ಧ ತೀರ್ಪು ಬರೆದಾಗಿತ್ತು. ಷಿಕಾಗೋದ ಹೆಸರಾಂತ ಪ್ರಸೂತಿ ತಜ್ಞ ಜೋಸೆಫ್ ಡಿಲೀ 1915ರಲ್ಲೇ ಸೂಲಗಿತ್ತಿಯನ್ನು ಅನಾಗರಿಕ ಕಾಲದ ಪಳೆಯುಳಿಕೆ ಎಂದು ಜರೆದಿದ್ದ. ತಮಾಷೆಯೆಂದರೆ 1933ರಲ್ಲಿ ನ್ಯೂಯಾರ್ಕ್ ವೈದ್ಯಕೀಯ ಅಕಾಡೆಮಿ ಆ ನಗರದಲ್ಲಿ ಮೂರು ವರ್ಷದಲ್ಲಿ ಸತ್ತ 2,041 ತಾಯಂದಿರ ಪ್ರಕರಣಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ, ಮೂರರಲ್ಲಿ ಎರಡು ಸಾವು ತಪ್ಪಿಸಬಹುದಾಗಿದ್ದವು ಎಂದು ತಿಳಿಯಿತು. ಹೆಚ್ಚಿನ ತಪ್ಪು ವೈದ್ಯರದ್ದೇ: ಅನಗತ್ಯ ಚಿಮುಟ, ಅನಗತ್ಯ ಶಸ್ತ್ರಕ್ರಿಯೆ, ತೊಳೆಯದ ಕೈ. ಸೂಲಗಿತ್ತಿಯರ ದಾಖಲೆ ಕೆಟ್ಟದಾಗಿರಲಿಲ್ಲ. ವರದಿ ಸದ್ದು ಮಾಡಿತು, ಆದರೆ ಗಾಳಿ ಬೀಸುತ್ತಿದ್ದ ದಿಕ್ಕು ಬದಲಾಗಲಿಲ್ಲ.

ಅಷ್ಟರಲ್ಲಿ ಮದ್ದು ಬಂತು. ಬಾಣಂತಿಯರನ್ನು ಕೊಲ್ಲುತ್ತಿದ್ದುದು ಮುಖ್ಯವಾಗಿ ಮೂರು: ನಂಜು, ರಕ್ತಸ್ರಾವ, ರಕ್ತದೊತ್ತಡ ಏರಿ ಬರುವ ಸೆಳವು. 1936ರಲ್ಲಿ ಲಂಡನ್ನಿನ ಲೆನರ್ಡ್ ಕೋಲ್‌ಬ್ರೂಕ್ ಸಲ್ಫಾ ಗುಂಪಿನ ಔಷಧ ಬಾಣಂತಿ ಜ್ವರವನ್ನು ಹೇಗೆ ಇಳಿಸುತ್ತದೆಂದು ತೋರಿಸಿದ. ಹಿಂದೆಯೇ ಪೆನಿಸಿಲಿನ್ ಬಂತು. ಜೊತೆಗೆ ರಕ್ತನಿಧಿ. ಅಮೆರಿಕದಲ್ಲಿ ರಕ್ತವನ್ನು ದೊಡ್ಡ ಪ್ರಮಾಣದಲ್ಲಿ ಸಂಗ್ರಹಿಸಿ ಕಾಪಿಡುವ ವ್ಯವಸ್ಥೆಯನ್ನು ಕಟ್ಟಿದವರಲ್ಲಿ ಮುಂದಾಳು ಚಾರ್ಲ್ಸ್ ಡ್ರೂ ಎಂಬ ಕಪ್ಪು ವೈದ್ಯ. ಆದರೆ ಅವನು ಕಟ್ಟಿಕೊಟ್ಟ ವ್ಯವಸ್ಥೆಯಲ್ಲಿ ರೆಡ್ ಕ್ರಾಸ್ ಮೊದಲು ಕಪ್ಪು ಜನರ ರಕ್ತವನ್ನೇ ತೆಗೆದುಕೊಳ್ಳಲಿಲ್ಲ. 1942ರಿಂದ ತೆಗೆದುಕೊಂಡರೂ ಬೇರೆ ಇಟ್ಟಿತು. ಬಾಟಲಿಯ ಮೇಲೆ ದಾನಿಯ ಜನಾಂಗ ಬರೆಯುವ ಈ ಪದ್ಧತಿ ರೆಡ್ ಕ್ರಾಸ್‌ನಲ್ಲಿ 1950ರವರೆಗೂ ನಡೆಯಿತು. ರಕ್ತದಲ್ಲಿ ಬಣ್ಣವಿಲ್ಲವೆಂದು ಡ್ರೂ ಬಹಿರಂಗವಾಗಿಯೇ ಹೇಳಿದ್ದ.

ಪೆನಿಸಿಲಿನ್ನೂ ರಕ್ತದ ಬಾಟಲಿಯೂ ಸೂಲಗಿತ್ತಿಯ ಚೀಲದಲ್ಲಿ ಹಿಡಿಯುವಂಥವಲ್ಲ. ಅವು ಇದ್ದದ್ದು ಆಸ್ಪತ್ರೆಯಲ್ಲಿ. ಹೀಗಾಗಿ ಆಸ್ಪತ್ರೆಯ ಬಾಗಿಲು ಯಾರಿಗೆ ತೆರೆಯುತ್ತದೆ ಎನ್ನುವುದೇ ಜೀವ ಮರಣದ ಪ್ರಶ್ನೆಯಾಯಿತು. 1946ರಲ್ಲಿ ಹಿಲ್–ಬರ್ಟನ್ ಕಾಯ್ದೆ ಬಂದು ಊರೂರಿಗೆ ಆಸ್ಪತ್ರೆ ಕಟ್ಟಲು ಒಕ್ಕೂಟ ಸರ್ಕಾರದ ಹಣ ಹರಿಯಿತು. ಆದರೆ ಕಾಯ್ದೆಯಲ್ಲೇ ಒಂದು ಸಂದು: ಬೇರೆ ಬೇರೆಯಾಗಿಯಾದರೂ ಸಮಾನ ಸೌಲಭ್ಯ ಕೊಟ್ಟರೆ ಸಾಕು. ಬೇರೆ ಎಂಬುದನ್ನು ಎಲ್ಲರೂ ಪಾಲಿಸಿದರು, ಸಮಾನ ಎಂಬುದನ್ನು ಯಾರೂ ಕೇಳಲಿಲ್ಲ. ದಕ್ಷಿಣದ ಎಷ್ಟೋ ಆಸ್ಪತ್ರೆಗಳಲ್ಲಿ ಕಪ್ಪು ರೋಗಿಗಳಿಗೆ ನೆಲಮಾಳಿಗೆಯಲ್ಲೋ ಹಿಂಭಾಗದಲ್ಲೋ ನಾಲ್ಕು ಹಾಸಿಗೆ. ಅದು ತುಂಬಿದರೆ ಮುಗಿಯಿತು, ಮುಂದಿನ ವಾರ್ಡಿನಲ್ಲಿ ಹಾಸಿಗೆ ಖಾಲಿ ಬಿದ್ದಿದ್ದರೂ ಜಾಗವಿಲ್ಲ. 1950ರಲ್ಲಿ ಬಿಳಿಯರ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಆಸ್ಪತ್ರೆಯಲ್ಲಿ ಹುಟ್ಟಿದರೆ ಉಳಿದವರಲ್ಲಿ ಅರವತ್ತೂ ಇರಲಿಲ್ಲ. ಸಾವಿನ ಪುಸ್ತಕದ ಆ ಎರಡು ಪಂಕ್ತಿಗಳು ದೂರವಾದದ್ದು ಇಲ್ಲಿಯೇ.

ಹೊರಗಿಟ್ಟವರು ಸುಮ್ಮನೆ ಕೂತಿರಲಿಲ್ಲ. ಮಿಸಿಸಿಪ್ಪಿ ಡೆಲ್ಟಾದ ಮೌಂಡ್ ಬಾಯು, ಗುಲಾಮಗಿರಿಯಿಂದ ಬಿಡುಗಡೆಯಾದವರು 1887ರಲ್ಲಿ ತಮಗಾಗಿ ಕಟ್ಟಿಕೊಂಡ ಊರು. ಮೇಯರಿನಿಂದ ಹಿಡಿದು ಅಂಗಡಿಯವನವರೆಗೆ ಎಲ್ಲರೂ ಕಪ್ಪು ಜನ. ಅಲ್ಲಿ 'ನೈಟ್ಸ್ ಅಂಡ್ ಡಾಟರ್ಸ್ ಆಫ್ ಟೇಬರ್' ಎಂಬ ಸಹಾಯಕ ಸಂಘ ಹೊಲದಾಳುಗಳಿಂದ ಚಿಲ್ಲರೆ ಚಂದಾ ಎತ್ತಿ ಟಬೋರಿಯನ್ ಆಸ್ಪತ್ರೆಯನ್ನು ಕಟ್ಟಿತು. 1942ರಲ್ಲಿ ಅದು ತೆರೆದಾಗ ಡಾ. ಟಿ.ಆರ್.ಎಂ. ಹೋವರ್ಡ್ ಮುಖ್ಯ ಶಸ್ತ್ರವೈದ್ಯರು. ಚಂದಾದಾರಳಿಗೆ ಹೆರಿಗೆಯೂ ಉಂಟು, ಆಪರೇಷನ್ನೂ ಉಂಟು. ಡೆಲ್ಟಾದ ಕಪ್ಪು ಹೆಂಗಸರು ಮುಂಬಾಗಿಲಿನಿಂದ ಒಳಗೆ ಹೋಗಬಹುದಾದ ಆಸ್ಪತ್ರೆ ಅದು.

ಕಾನೂನಿನ ಬೀಗ ಒಡೆದವರು ನಾರ್ತ್ ಕ್ಯಾರೊಲೈನಾದ ಗ್ರೀನ್ಸ್‌ಬರೊ ಊರಿನ ಒಬ್ಬ ಹಲ್ಲಿನ ಡಾಕ್ಟರು, ಜಾರ್ಜ್ ಸಿಮ್ಕಿನ್ಸ್. ಬಾವು ಬಂದ ಹಲ್ಲಿನ ಕಪ್ಪು ರೋಗಿಯೊಬ್ಬನನ್ನು ಊರಿನ ಮೋಸೆಸ್ ಕೋನ್ ಆಸ್ಪತ್ರೆ ಸೇರಿಸಿಕೊಳ್ಳಲಿಲ್ಲ. ಅದೂ ಹಿಲ್–ಬರ್ಟನ್ ಹಣದ ಆಸ್ಪತ್ರೆ. ಸಿಮ್ಕಿನ್ಸ್ ಮತ್ತು ಸಂಗಡಿಗರು ದಾವೆ ಹೂಡಿದರು. 1963ರ ನವೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರ ನಿಂತಿತು. ಮುಂದಿನ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅದರಲ್ಲಿ ಕೈಹಾಕಲು ಒಪ್ಪಲಿಲ್ಲ. ಬೇರೆಯಾದರೂ ಸಮಾನ ಎಂಬ ಸಂದು ಮುಚ್ಚಿಹೋಯಿತು. ಆದರೆ ಆಸ್ಪತ್ರೆಗಳನ್ನು ನಿಜಕ್ಕೂ ಬಾಗಿಸಿದ್ದು ದುಡ್ಡು. 1966ರ ಜುಲೈ 1ರಂದು ಮುದುಕರ ಆರೋಗ್ಯ ವಿಮೆ ಮೆಡಿಕೇರ್ ಜಾರಿಗೆ ಬರಬೇಕಿತ್ತು. ಬಣ್ಣ ನೋಡಿ ವಾರ್ಡು ಹಂಚುವ ಆಸ್ಪತ್ರೆಗೆ ಚಿಕ್ಕಾಸೂ ಇಲ್ಲವೆಂದು ವಾಷಿಂಗ್ಟನ್ ಹೇಳಿತು. ಸಾವಿರದಷ್ಟು ಜನ ತನಿಖೆಗೆ ಹೊರಟರು. ಯಾವ ಹಾಸಿಗೆಯಲ್ಲಿ ಯಾರು ಮಲಗಿದ್ದಾರೆ, ರಕ್ತದ ಬಾಟಲಿಗೆ ಯಾವ ಚೀಟಿ ಹಚ್ಚಿದೆ ಎಂದು ನೋಡಿದರು. ಕೆಲವೇ ತಿಂಗಳಲ್ಲಿ ಸಾವಿರಾರು ಆಸ್ಪತ್ರೆಗಳು ಫಲಕ ಕಿತ್ತು ವಾರ್ಡು ಒಂದು ಮಾಡಿದವು. ನೂರು ವರ್ಷ ಸಾಧ್ಯವಿಲ್ಲ ಎಂದದ್ದು ನಾಲ್ಕು ತಿಂಗಳಲ್ಲಿ ಆಯಿತು. ಪರಿಣಾಮವನ್ನು ಅರ್ಥಶಾಸ್ತ್ರಜ್ಞರು ಆಮೇಲೆ ಅಳೆದಿದ್ದಾರೆ: ಮಿಸಿಸಿಪ್ಪಿಯ ಹಳ್ಳಿಗಾಡಿನಲ್ಲಿ 1965ರ ನಂತರ ಭೇದಿಯಿಂದಲೂ ನ್ಯುಮೋನಿಯಾದಿಂದಲೂ ಸಾಯುವ ಕಪ್ಪು ಮಕ್ಕಳ ಸಂಖ್ಯೆ ದಡದಡನೆ ಇಳಿಯಿತು.

ಮೌಂಡ್ ಬಾಯುಗೆ ಅದೇ ಹೊತ್ತಿನಲ್ಲಿ ಇನ್ನೊಂದು ಪ್ರಯೋಗ ಬಂತು. ಬಾಸ್ಟನ್ನಿನ ಟಫ್ಟ್ಸ್ ವಿಶ್ವವಿದ್ಯಾಲಯದ ಡಾ. ಜ್ಯಾಕ್ ಗೈಗರ್ ಅಲ್ಲಿ 1967ರಲ್ಲಿ ಸಮುದಾಯ ಆರೋಗ್ಯ ಕೇಂದ್ರ ತೆರೆದರು. ಬಂದ ಮಕ್ಕಳಿಗೆ ರೋಗಕ್ಕಿಂತ ಹಸಿವು ಹೆಚ್ಚಾಗಿತ್ತು. ಡಾಕ್ಟರು ಚೀಟಿಯಲ್ಲಿ ಹಾಲು, ಮಾಂಸ, ತರಕಾರಿ ಬರೆದುಕೊಟ್ಟರು, ಅಂಗಡಿಯವರು ಕೊಟ್ಟರು, ಬಿಲ್ಲು ಕೇಂದ್ರದ ಔಷಧ ಖಾತೆಗೆ ಹೋಯಿತು. ವಾಷಿಂಗ್ಟನ್ನಿನವರು ಸಿಟ್ಟಾದಾಗ, ಅಪೌಷ್ಟಿಕತೆಗೆ ವೈದ್ಯಶಾಸ್ತ್ರದಲ್ಲಿ ಇರುವ ಮದ್ದು ಊಟವೇ ಎಂಬ ಅರ್ಥದ ಉತ್ತರ ಕೊಟ್ಟರು ಗೈಗರ್. ಇಂಡಿಯಾನಾದಿಂದ ಬಂದ ಸಿಸ್ಟರ್ ಮೇರಿ ಸ್ಟೆಲಾ ಸಿಂಪ್ಸನ್ ಎಂಬ ಕ್ರೈಸ್ತ ಸನ್ಯಾಸಿನಿ, ನುರಿತ ನರ್ಸ್ ಸೂಲಗಿತ್ತಿ, ಮನೆಮನೆ ತಿರುಗಿ ಬಸುರಿಯರನ್ನು ನೋಡಿದರು. ಬಾವಿ ತೋಡಿಸುವುದು, ಪಾಯಿಖಾನೆ ಕಟ್ಟಿಸುವುದು, ಕಿಟಕಿಗೆ ಜಾಲರಿ ಹಾಕಿಸುವುದು, ಕೂಡಿ ತರಕಾರಿ ಬೆಳೆಯುವ ಸಹಕಾರಿ ಹೊಲ, ಇವೆಲ್ಲ ಆ ಕೇಂದ್ರದ ಚಿಕಿತ್ಸೆಯ ಭಾಗವಾಗಿದ್ದವು. ಈ ಇಡೀ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಬುದ್ಧಿವಂತಿಕೆಯದು ಅನ್ನಿಸುವ ಕೆಲಸ ಇದು.

ಆಸ್ಪತ್ರೆಯ ಬಾಗಿಲು ತೆರೆದರೂ ಒಳಗೆ ಹೋಗಲು ಹೆದರಿಕೆ ಇತ್ತು. 1961ರಲ್ಲಿ ಮಿಸಿಸಿಪ್ಪಿಯ ಸನ್‌ಫ್ಲವರ್ ಕೌಂಟಿಯಲ್ಲಿ ಫ್ಯಾನಿ ಲೂ ಹೇಮರ್ ಎಂಬ ಹೊಲದ ಕೆಲಸದ ಹೆಂಗಸು ಗರ್ಭಕೋಶದ ಚಿಕ್ಕ ಗಡ್ಡೆ ತೆಗೆಸಿಕೊಳ್ಳಲು ಆಸ್ಪತ್ರೆಗೆ ಹೋದರು. ಡಾಕ್ಟರು ಗರ್ಭಕೋಶವನ್ನೇ ತೆಗೆದು ಕಳಿಸಿದ. ಅವರಿಗೆ ಹೇಳಲೂ ಇಲ್ಲ. ಮುಂದೆ ನಾಗರಿಕ ಹಕ್ಕು ಚಳವಳಿಯ ದೊಡ್ಡ ದನಿಯಾದ ಹೇಮರ್ ಇದನ್ನು ವೇದಿಕೆಯ ಮೇಲೆ ಹೇಳಿದರು. ಇಂಥದ್ದು ಎಷ್ಟು ಸಾಮಾನ್ಯವಾಗಿತ್ತೆಂದರೆ ಅದಕ್ಕೆ ಜನ 'ಮಿಸಿಸಿಪ್ಪಿ ಅಪೆಂಡಿಕ್ಸ್ ಆಪರೇಷನ್' ಎಂದೇ ಹೆಸರಿಟ್ಟಿದ್ದರು. 1973ರಲ್ಲಿ ಮಾಂಟ್ಗೊಮೆರಿಯಲ್ಲಿ ಹದಿನಾಲ್ಕು ಮತ್ತು ಹನ್ನೆರಡು ವರ್ಷದ ಅಕ್ಕತಂಗಿಯರಿಗೆ ಸಂತಾನಹರಣ ಚಿಕಿತ್ಸೆಯಾಯಿತು. ಓದು ಬಾರದ ತಾಯಿ ಕಾಗದಕ್ಕೆ ಗುರುತು ಹಾಕಿದ್ದಳು, ಏನೆಂದು ಗೊತ್ತಿರದೆ. ಆಮೇಲೆ ನಡೆದ ಮೊಕದ್ದಮೆಯಿಂದಲೇ ಸಂತಾನಹರಣಕ್ಕೆ ಒಪ್ಪಿಗೆ ಪಡೆಯುವ ಇಂದಿನ ಕಟ್ಟುನಿಟ್ಟಿನ ನಿಯಮಗಳು ಹುಟ್ಟಿದವು.

ಹೀಗೆ ಆಸ್ಪತ್ರೆ ಒಂದು ಕೈಯಲ್ಲಿ ಪೆನಿಸಿಲಿನ್, ಇನ್ನೊಂದರಲ್ಲಿ ಅಪಮಾನ ಹಿಡಿದುಕೊಂಡು ಬಂದ ಹೊತ್ತಿಗೆ, ಮನೆಬಾಗಿಲ ಸೂಲಗಿತ್ತಿಯರನ್ನು ರಾಜ್ಯಗಳು ಒಬ್ಬೊಬ್ಬರಾಗಿ ಮನೆಗೆ ಕಳಿಸಿದವು. ಮುದುಕಿಯರ ಪರವಾನಗಿ ನವೀಕರಿಸಲಿಲ್ಲ, ಹೊಸಬರಿಗೆ ಕೊಡಲಿಲ್ಲ. ಅಲಬಾಮಾ 1976ರಲ್ಲಿ ಕಾನೂನನ್ನೇ ಮಾಡಿತು. ಗ್ರೀನ್ ಕೌಂಟಿಯ ಯೂಟಾ ಊರಿನ ಮಾರ್ಗರೆಟ್ ಚಾರ್ಲ್ಸ್ ಸ್ಮಿತ್ ಹುಟ್ಟಿದ ಕೆಲವೇ ವಾರಗಳಲ್ಲಿ ತಾಯಿಯನ್ನು ಕಳೆದುಕೊಂಡು ಗುಲಾಮಗಿರಿ ಕಂಡಿದ್ದ ಅಜ್ಜಿಯ ಕೈಯಲ್ಲಿ ಬೆಳೆದವರು. 1949ರಲ್ಲಿ ಪರವಾನಗಿ ಸಿಕ್ಕಿತ್ತು. ಮೂರು ಸಾವಿರಕ್ಕೂ ಹೆಚ್ಚು ಹೆರಿಗೆ, ಅವರ ಕೈಯಲ್ಲಿ ಒಬ್ಬ ತಾಯಿಯೂ ಸಾಯಲಿಲ್ಲ. ಮೊಬೀಲ್ ಊರಿನ ಆನಿ ಲೀ ಲೋಗನ್‌ಗೆ ಇನ್ನು ನಿಮ್ಮ ಸೇವೆ ಬೇಡವೆಂಬ ಕಾಗದ ಬಂದದ್ದು 1984ರಲ್ಲಿ. ಇಬ್ಬರೂ ತಮ್ಮ ಕಥೆಯನ್ನು ಹೇಳಿ ಬರೆಸಿದ್ದಾರೆ; ಲೋಗನ್ ಅವರ 'ಮದರ್‌ವಿಟ್' 1989ರಲ್ಲಿ, ಸ್ಮಿತ್ ಅವರ 'ಲಿಸನ್ ಟು ಮಿ ಗುಡ್' 1996ರಲ್ಲಿ ಬಂತು. ಸೂಲಗಿತ್ತಿಯರನ್ನು ದೇವತೆಯರೆಂದು ಬಣ್ಣಿಸುವ ಬರಹಗಳು ಈಗ ಬೇಕಾದಷ್ಟಿವೆ. ಅವು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಸ್ರಾವ ನಿಲ್ಲದಿದ್ದರೆ ಅವರ ಕೈಯಲ್ಲಿ ರಕ್ತವಿರಲಿಲ್ಲ, ಸೆಳವು ಬಂದರೆ ಮದ್ದಿರಲಿಲ್ಲ. ಬ್ರಿಟನ್ನಿನಲ್ಲಿ ಸೂಲಗಿತ್ತಿಯನ್ನು ತರಬೇತಿ ಕೊಟ್ಟು ಆಸ್ಪತ್ರೆಯ ಜೊತೆಗೆ ಜೋಡಿಸಿದರು. ಅಮೆರಿಕದ ದಕ್ಷಿಣದಲ್ಲಿ ಅವಳನ್ನು ತೆಗೆದುಹಾಕಿದರು, ಅವಳ ಜಾಗಕ್ಕೆ ಯಾರನ್ನೂ ಇಡಲಿಲ್ಲ.

ಮುಂದಿನ ದಶಕಗಳನ್ನು ಬೇಗ ದಾಟಬಹುದು. 1992ರಲ್ಲಿ ಆರ್ಲಿನ್ ಜೆರಾನಿಮಸ್ ಎಂಬ ಸಂಶೋಧಕಿ, ಬಡತನ ಮತ್ತು ಜನಾಂಗಭೇದದ ನಿತ್ಯದ ಸವೆತ ಕಪ್ಪು ಹೆಂಗಸಿನ ದೇಹವನ್ನು ವಯಸ್ಸಿಗೆ ಮೊದಲೇ ಮುಪ್ಪಾಗಿಸುತ್ತದೆ ಎಂಬ ವಾದ ಮಂಡಿಸಿದರು. ಆಗ ಗೇಲಿ ಮಾಡಿದವರು ಬಹಳ. ಆಮೇಲಿನ ಅಂಕಿಗಳು ಅವರ ಕಡೆ ವಾಲಿವೆ: ಕಾಲೇಜು ಓದಿದ ಕಪ್ಪು ತಾಯಿಯ ಸಾವಿನ ಸಂಭವ ಹೈಸ್ಕೂಲೂ ಮುಗಿಸದ ಬಿಳಿಯ ತಾಯಿಯದಕ್ಕಿಂತ ಹೆಚ್ಚು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವೇ 2019ರಲ್ಲಿ ಹೇಳಿತು. ಆ ಕೇಂದ್ರದಲ್ಲೇ ಆರೋಗ್ಯದ ಅಸಮಾನತೆಯ ಮೇಲೆ ಕೆಲಸ ಮಾಡುತ್ತಿದ್ದ ಶಲಾನ್ ಅರ್ವಿಂಗ್ 2017ರ ಜನವರಿಯಲ್ಲಿ, ಹೆತ್ತ ಮೂರು ವಾರಕ್ಕೆ, ಏರಿದ ರಕ್ತದೊತ್ತಡದ ತೊಡಕಿನಿಂದ ತೀರಿಕೊಂಡರು. ಮತ್ತೆ ಮತ್ತೆ ಆಸ್ಪತ್ರೆಯ ಬಾಗಿಲಿಗೆ ಹೋಗಿದ್ದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಟೆನಿಸ್ ಆಟಗಾರ್ತಿ ಸೆರೆನಾ ವಿಲಿಯಮ್ಸ್ ಸಿಸೇರಿಯನ್ ಆದ ಮರುದಿನ ಉಸಿರು ಕಟ್ಟಿದಂತಾಗಿ, ತನಗೆ ಹಿಂದೆಯೂ ರಕ್ತ ಹೆಪ್ಪುಗಟ್ಟಿತ್ತು, ಸ್ಕ್ಯಾನ್ ಮಾಡಿ, ರಕ್ತ ತೆಳುವಾಗಿಸುವ ಮದ್ದು ಕೊಡಿ ಎಂದು ಕೇಳಬೇಕಾಯಿತು. ಮೊದಲು ಕಾಲಿನ ಸ್ಕ್ಯಾನ್ ಮಾಡಿದರು. ಅಲ್ಲೇನೂ ಸಿಗಲಿಲ್ಲ. ಅವರು ಕೇಳಿದ್ದ ಸ್ಕ್ಯಾನ್ ಮಾಡಿದಾಗ ಶ್ವಾಸಕೋಶದಲ್ಲಿ ಹೆಪ್ಪುಗಳು ಕಂಡವು.

ಲೆಕ್ಕದ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. 2003ರಿಂದ ಅಮೆರಿಕದ ಮರಣಪತ್ರಗಳಲ್ಲಿ ಮೃತಳು ಗರ್ಭಿಣಿಯೇ ಎಂಬ ಚೌಕ ಸೇರಿತು. ಒಂದೊಂದು ರಾಜ್ಯ ಒಂದೊಂದು ವರ್ಷ ಅದನ್ನು ತಂದಿತು. ತಪ್ಪಾಗಿ ಗುರುತು ಹಾಕಿದ್ದೂ ಉಂಟು. ಹಾಗಾಗಿ ಈ ಶತಮಾನದಲ್ಲಿ ತಾಯಂದಿರ ಸಾವು ಎಷ್ಟು ಏರಿತು ಎಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಅಂತರದ ವಿಷಯದಲ್ಲಿ ಆ ಜಗಳವಿಲ್ಲ, ಹೇಗೆ ಎಣಿಸಿದರೂ ಅದು ಇದ್ದೇ ಇದೆ. ಕೋವಿಡ್ ಇದ್ದ 2021ರಲ್ಲಿ ಲಕ್ಷಕ್ಕೆ 69.9 ಕಪ್ಪು ತಾಯಂದಿರು ಸತ್ತರೆ ಬಿಳಿಯರು 26.6. ಕೋವಿಡ್ ಇಳಿದ 2023ರಲ್ಲಿ 50.3 ಮತ್ತು 14.5. ಎರಡೂ ಕಡೆ ಇಳಿಯಿತು, ಬಿಳಿಯರಲ್ಲಿ ಹೆಚ್ಚು ಬೇಗ ಇಳಿಯಿತು. ಭಾಗಿಸಿದರೆ ಸುಮಾರು ಮೂರೂವರೆ ಪಟ್ಟು, ಹೆಚ್ಚುಕಡಿಮೆ 1950ರಲ್ಲಿದ್ದಷ್ಟೇ.

ಕ್ಯಾಲಿಫೋರ್ನಿಯಾದಲ್ಲಿಯೂ ಮೊದಲು ಹೀಗೇ ಆಯಿತು. 2006ರಲ್ಲಿ ಆಸ್ಪತ್ರೆಗಳು ಒಂದುಗೂಡಿ ತಾಯಂದಿರ ಸಾವನ್ನು ಒಂದೊಂದಾಗಿ ಪರಿಶೀಲಿಸತೊಡಗಿದವು. ಏಳೇ ವರ್ಷದಲ್ಲಿ ಸಾವು ಅರ್ಧಕ್ಕಿಂತ ಕೆಳಗಿಳಿಯಿತು, ಅಂತರ ಮಾತ್ರ ಅಲ್ಲಾಡಲಿಲ್ಲ. ಆಮೇಲೆ ಒಂದು ಪುಟ್ಟ ಬದಲಾವಣೆ ಫಲ ಕೊಟ್ಟಿತು. ಹೆರಿಗೆಯಲ್ಲಿ ಎಷ್ಟು ರಕ್ತ ಹೋಯಿತೆಂದು ಡಾಕ್ಟರು ಕಣ್ಣಳತೆಯಲ್ಲಿ ಹೇಳುವುದು ರೂಢಿ. ಅದನ್ನು ಬಿಟ್ಟು, ಒದ್ದೆಯಾದ ಬಟ್ಟೆ, ಹತ್ತಿ, ಹಾಸುಗಳನ್ನೆಲ್ಲ ತಕ್ಕಡಿಗೆ ಹಾಕಿ ತೂಗಿ, ಒಣಗಿದ್ದಾಗಿನ ತೂಕ ಕಳೆದು, ಒಂದು ಗ್ರಾಮಿಗೆ ಒಂದು ಮಿಲಿಲೀಟರ್ ರಕ್ತವೆಂದು ಲೆಕ್ಕ ಹಾಕಿದರು. ಇಷ್ಟು ದಾಟಿದರೆ ಈ ಮದ್ದು, ಇನ್ನಷ್ಟು ದಾಟಿದರೆ ರಕ್ತ ಎಂದು ಮೊದಲೇ ಬರೆದಿಟ್ಟರು. ಬೇಕಾದದ್ದೆಲ್ಲ ಒಂದು ಗಾಡಿಯಲ್ಲಿ ಕೋಣೆಯ ಪಕ್ಕದಲ್ಲೇ. ಈ ಕ್ರಮ ತಂದ ಆಸ್ಪತ್ರೆಗಳಲ್ಲಿ ಸ್ರಾವದಿಂದ ಪ್ರಾಣಾಪಾಯಕ್ಕೆ ಸಿಕ್ಕುವ ಕಪ್ಪು ತಾಯಂದಿರ ಪ್ರಮಾಣ ಬಿಳಿಯರದಕ್ಕಿಂತ ಹೆಚ್ಚು ಇಳಿದು, ಅಂತರ ಕಿರಿದಾಯಿತು. ತಕ್ಕಡಿಗೆ ಯಾರ ರಕ್ತ ಎಂಬುದು ಗೊತ್ತಿರುವುದಿಲ್ಲ, ನೋವು ಹೇಳಿಕೊಂಡವಳನ್ನು ನಂಬಬೇಕೋ ಬೇಡವೋ ಎಂಬ ಅನುಮಾನವೂ ಅದಕ್ಕಿಲ್ಲ.

ಬಡ ಬಸುರಿಯರಿಗೆ ಸರ್ಕಾರ ಕೊಡುವ ಮೆಡಿಕೇಡ್ ವಿಮೆ ಹೆರಿಗೆಯಾದ ಅರವತ್ತು ದಿನಕ್ಕೆ ಮುಗಿಯುತ್ತಿತ್ತು, ಬಾಣಂತನದ ಸಾವುಗಳಲ್ಲಿ ಎಷ್ಟೋ ಆ ಗಡುವು ದಾಟಿದ ಮೇಲೆ ಬರುತ್ತಿದ್ದರೂ. ಅದನ್ನು ಒಂದು ವರ್ಷಕ್ಕೆ ಹಿಗ್ಗಿಸಲು 2021ರಲ್ಲಿ ರಾಜ್ಯಗಳಿಗೆ ಅವಕಾಶವಾಯಿತು. ಬಹುತೇಕ ರಾಜ್ಯಗಳು ಒಪ್ಪಿವೆ. ಮಿಸಿಸಿಪ್ಪಿ ಎರಡು ವರ್ಷ ಜಗ್ಗಾಡಿ 2023ರ ಮಾರ್ಚಿನಲ್ಲಿ ಒಪ್ಪಿತು. ಆದರೆ ವಿಮೆಯ ಚೀಟಿ ಇದ್ದರೂ ತೋರಿಸಲು ಆಸ್ಪತ್ರೆ ಬೇಕಲ್ಲ. ದೇಶದ ಹಳ್ಳಿಗಾಡಿನ ಕೌಂಟಿಗಳಲ್ಲಿ ಅರ್ಧಕ್ಕೂ ಹೆಚ್ಚು ಕಡೆ ಈಗ ಹೆರಿಗೆ ಮಾಡಿಸುವ ಆಸ್ಪತ್ರೆಯೇ ಇಲ್ಲ. ನಷ್ಟವೆಂದು ಮುಚ್ಚಿದ ವಾರ್ಡುಗಳು. 2024ರಲ್ಲಿ ಮಿಸಿಸಿಪ್ಪಿಯಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 9.7 ಮಕ್ಕಳು ವರ್ಷ ತುಂಬುವುದರೊಳಗೆ ಸತ್ತವು. 2025ರ ಆಗಸ್ಟಿನಲ್ಲಿ ರಾಜ್ಯದ ಆರೋಗ್ಯ ಇಲಾಖೆ ಇದನ್ನು ಸಾರ್ವಜನಿಕ ಆರೋಗ್ಯದ ತುರ್ತುಸ್ಥಿತಿ ಎಂದು ಘೋಷಿಸಿತು. ಮುಂದೇನು ಮಾಡುತ್ತೇವೆಂದು ಇಲಾಖೆ ಹೇಳಿರುವುದರಲ್ಲಿ ಎರಡು ಮುಖ್ಯ: ಹೆರಿಗೆ ವೈದ್ಯರಿಲ್ಲದ ಕೌಂಟಿಗಳಿಗೆ ಬಸುರಿಯರ ಆರೈಕೆ ತಲುಪಿಸುವುದು, ಮತ್ತು ಮನೆಮನೆಗೆ ಹೋಗುವ ಸ್ಥಳೀಯ ಆರೋಗ್ಯ ಕಾರ್ಯಕರ್ತೆಯರನ್ನು ಹೆಚ್ಚಿಸುವುದು.